ಸದರಿಯವರ ಹದಿನಾಲ್ಕು ಕಿಲೋಮೀಟರ್

ಗಾಡಿ ಗುಮಾಸ್ತನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಈ ಸಂಗತಿ ಗೊತ್ತಿದ್ದದ್ದು ಇಡೀ ಲೋಕದಲ್ಲಿ ಇಬ್ಬರಿಗೆ. ಒಬ್ಬ ಅವನೇ. ಇನ್ನೊಬ್ಬರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಲೈಸೆನ್ಸ್ ಪರೀಕ್ಷೆಯ ದಿನ ಪಕ್ಕದಲ್ಲಿ ಕೂತು, ತಮ್ಮ ಕಾಲಡಿಯ ಜೋಡಿ ಬ್ರೇಕು ಕ್ಲಚ್ಚು ತುಳಿದು, ಇವನ ಪರವಾಗಿ ಮೈದಾನದ ಮೇಲೆ ಎಂಟು ಬರೆದವರು. ಮೇಷ್ಟ್ರು ಆಮೇಲೆ ಊರು ಬಿಟ್ಟರು. ಗುಟ್ಟು ಕಾಯುವ ಪೂರ್ತಿ ಹೊರೆ ಇವನ ತಲೆಗೇ ಬಂತು.

ನೀರಿನ ಮಟ್ಟ ಅಳೆಯುವ ಆ ಕಚೇರಿಯ ಸಂದರ್ಶನದಲ್ಲಿ ಹೆಡ್ ಕ್ಲರ್ಕ್ "ಗಾಡಿ ಬರುತ್ತೇನಪ್ಪಾ?" ಎಂದು ಕೇಳಿದ್ದರು. ಶೆಡ್ಡಿನಿಂದ ಆಚೆಗೆ, ಆಚೆಯಿಂದ ಶೆಡ್ಡಿಗೆ ಗಾಡಿ ಸರಿಸುವಷ್ಟಾದರೂ ಬರಲೇಬೇಕು ಎಂಬುದು ಆ ಹುದ್ದೆಯ ಷರತ್ತು. ಇವನು "ಬರುತ್ತೆ ಸಾರ್" ಎಂದಿದ್ದ. ಗಾಡಿ ಬರುತ್ತದೆ, ಹೋಗುತ್ತದೆ, ಅದರಲ್ಲಿ ತನ್ನ ಪಾತ್ರವೇನೂ ಇಲ್ಲ ಎಂಬ ಅರ್ಥದಲ್ಲಿ ನೋಡಿದರೆ ಅದು ಸುಳ್ಳಲ್ಲ ಎಂದು ಬಸ್ಸಿನಲ್ಲಿ ವಾಪಸಾಗುವಾಗ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಇಂಥ ಸಮಾಧಾನ ಹೇಳಿಕೊಳ್ಳುವುದರಲ್ಲಿ ಅವನಿಗೆ ಒಳ್ಳೆಯ ಕೈಯಿತ್ತು.

ಕಚೇರಿಗೆ ಇದ್ದದ್ದು ಒಂದೇ ಗಾಡಿ, ಅದೂ ಸ್ವಂತದ್ದಲ್ಲ. ಗುಡ್ಡದ ಮೇಲಿನ ಕೆರೆಗಳಿಗೆ ದಾರಿಯೇ ಇಲ್ಲ. ಕಲ್ಲು, ಹಳ್ಳ, ಜಾರುವ ಮಣ್ಣು. ಅಲ್ಲಿಗೆ ಹತ್ತುವುದಕ್ಕೆಂದು ನಾಲ್ಕು ವರ್ಷದ ಲೀಸಿಗೆ ತಂದ ಹಳೇ ಕಾಲದ ಚೌಕದ ಗಾಡಿ. ಹೊಸದಾಗಿ ಕೊಳ್ಳಬೇಕಾದರೆ ಮೇಲಿನ ಕಚೇರಿಯ ಎಂಟು ಸಹಿ ಬೇಕು, ಲೀಸಿಗೆ ಮೂರೇ ಸಾಕು, ಹಾಗಾಗಿ ಲೀಸು. ಸಣ್ಣ ಮಗುವಿನ ಕೈಗೆ ಬಳಪ ಕೊಟ್ಟು ಗಾಡಿ ಬರಿ ಅಂದರೆ ಹೇಗೆ ಬರೆಯುತ್ತದೋ ಹಾಗಿತ್ತು ಅದರ ಆಕಾರ. ನೆಟ್ಟಗಿನ ಗಾಜು, ಬೆನ್ನಿಗೆ ಕಟ್ಟಿಕೊಂಡ ಐದನೇ ಚಕ್ರ, ಕೈಯಲ್ಲಿ ತಿರುಗಿಸಿ ಇಳಿಸುವ ಕಿಟಕಿ, ಒಂದಕ್ಕೆರಡು ಗೇರ್ ಕಡ್ಡಿ, ಅಂಕಿಗಳು ಉರುಳುವ ಹಳೇ ಮೀಟರು. ಒಂದು ಗೇರ್ ಕಡ್ಡಿಯನ್ನೇ ಸಂಭಾಳಿಸಲಾರದವನಿಗೆ ದೇವರು ಎರಡು ಕೊಟ್ಟಿದ್ದ.

ಗುಮಾಸ್ತನ ಕೆಲಸ ಲಾಗ್‌ಬುಕ್ಕು ಬರೆಯುವುದು. ತಾರೀಕು, ಎಲ್ಲಿಗೆ ಹೋಗಿತ್ತು, ಎಷ್ಟು ಕಿಲೋಮೀಟರು, ಯಾರ ಸುಪರ್ದಿ. ಗಾಡಿ ಯಾರ ಜವಾಬ್ದಾರಿಯಲ್ಲಿದೆ ಎನ್ನುವುದಕ್ಕೆ ಕಚೇರಿಯವರು ಸುಪರ್ದಿ ಎನ್ನುತ್ತಾರೆ. ಆ ಕಾಲಂನಲ್ಲಿ ಅವನು ಬಂದ ಮೊದಲ ದಿನದಿಂದ ಒಂದೇ ಮಾತು ಬರೆಯುತ್ತಿದ್ದ: ಸದರಿ. ಅಂದರೆ ಮೇಲೆ ಹೇಳಿದವರೇ. ಏಜೆನ್ಸಿಯಿಂದ ವಾರಕ್ಕೊಬ್ಬ ಡ್ರೈವರ್ ಬರುತ್ತಿದ್ದ. ಅವರ ಹೆಸರು ಕೇಳುವುದು, ಒಪ್ಪಿಸಿದೆ ಒಪ್ಪಿಕೊಂಡೆ ಎಂದು ಸಹಿ ಹಾಕಿಸುವುದು, ಅದೆಲ್ಲ ಯಾರಿಗೆ ಬೇಕು? ಸದರಿ ಎಂದರೆ ಮೂರಕ್ಷರದಲ್ಲಿ ಮುಗಿಯಿತು. ಆ ಸದರಿಗಳ ತುತ್ತತುದಿಯಲ್ಲಿ ಯಾರ ಹೆಸರಿದೆ ಎಂದು ಅವನು ಪುಟ ಹಿಂದಕ್ಕೆ ತಿರುಗಿಸಿ ನೋಡಿರಲೇ ಇಲ್ಲ. ಕಿಲೋಮೀಟರೂ ಅಷ್ಟೇ. ಡ್ರೈವರ್ ಬಾಯಲ್ಲಿ ಹೇಳಿದ್ದನ್ನು ಬರೆಯುತ್ತಿದ್ದ. ಮೀಟರ್ ನೋಡಲು ಗಾಡಿಯ ಹತ್ತಿರ ಹೋಗಬೇಕು, ಹತ್ತಿರ ಹೋದರೆ ಯಾರಾದರೂ "ಸ್ವಲ್ಪ ಆ ಕಡೆ ಸರಿಸಿ ಬಿಡ್ರೀ" ಅಂದಾರೆಂಬ ಹೆದರಿಕೆ.

ಹೀಗೆ ಎಂಟು ತಿಂಗಳು ನಡೆಯಿತು. ಇನ್ನು ನಾಲ್ಕು ತಿಂಗಳು ತಳ್ಳಿದರೆ ಕೆಲಸ ಕಾಯಂ. ಕಾಯಂ ಆದರೆ ಅಕ್ಕನ ಮನೆಯ ಪಡಸಾಲೆಯಲ್ಲಿ, ಹೊಲಿಗೆ ಯಂತ್ರಕ್ಕೂ ಗೋಡೆಗೂ ನಡುವೆ ಹಾಸಿಗೆ ಬಿಡಿಸುವುದು ತಪ್ಪಿ, ಕಚೇರಿಯ ಕ್ವಾರ್ಟರ್ಸಿನಲ್ಲಿ ಸ್ವಂತದ ಬಾಗಿಲು ಹಾಕಿಕೊಂಡು ಮಲಗಬಹುದು. ಭಾವ ದಿನಾ ಬೆಳಿಗ್ಗೆ ಅವನ ಕಾಲು ದಾಟಿಕೊಂಡು ಹೋಗುವಾಗ ಕೇಳುತ್ತಿದ್ದರು: "ಏನಯ್ಯಾ, ಕಾಯಂ ಆದ್ಯಾ, ಇಲ್ಲ ಇಲ್ಲೇ ಕಾಯಮ್ಮಾ?"

ಲೀಸು ಮುಗಿಯಲು ಹತ್ತು ದಿನವಿದೆ ಎನ್ನುವಾಗ ಲೀಸಿನ ಕಂಪನಿಯಿಂದ ಒಬ್ಬಾಕೆ ಬಂದಳು. ಕೈಯಲ್ಲಿ ಟಾರ್ಚು, ಗಾಡಿಯ ರೇಖಾಚಿತ್ರ ಅಚ್ಚಾದ ಒಂದು ಹಾಳೆ. ಎಲ್ಲೆಲ್ಲಿ ಗೀರು, ಎಲ್ಲೆಲ್ಲಿ ತಗ್ಗು ಎಂದು ಚಿತ್ರದ ಮೇಲೆ ಗುರುತು ಹಾಕುತ್ತಾ ಗಾಡಿಯ ಕೆಳಗೆ ನುಸುಳಿ, ಮೇಲೆದ್ದು, ಮೊಣಕಾಲಿನ ಮಣ್ಣು ಕೊಡವಿಕೊಂಡಳು.

"ಗಾಡಿ ಚೆನ್ನಾಗಿಟ್ಟಿದ್ದೀರ. ಎರಡೇ ತಕರಾರು. ಎರಡು ಕೀಲಿ ಕೊಟ್ಟಿದ್ವಿ, ಇರೋದು ಒಂದು. ಆಮೇಲೆ ನಿಮ್ಮ ಬುಕ್ಕಿಗೂ ಮೀಟರಿಗೂ ಎರಡು ಸಾವಿರದ ಇನ್ನೂರ ನಲವತ್ತು ಕಿಲೋಮೀಟರ್ ವ್ಯತ್ಯಾಸ ಇದೆ."

ಹೆಡ್ ಕ್ಲರ್ಕ್ ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಕಚೇರಿಯಲ್ಲಿ ಫ್ಯಾನಿನ ಸದ್ದು ಕೇಳಿಸುತ್ತದೆ.

"ಏನ್ರೀ ಇದು? ಎಲ್ಲಿಗೆ ಹೋಗಿದ್ರಿ ಇಷ್ಟು ದೂರ? ಮದುವೆ ಗಿದುವೆಗೆ ಬಾಡಿಗೆ ಬಿಟ್ಟಿದ್ರಾ?"

"ನಾನು ಎಲ್ಲೂ ಹೋಗಿಲ್ಲ ಸಾರ್."

"ಕೀಲಿ ನಿಮ್ಮ ಡ್ರಾಯರಲ್ಲಿ. ಡ್ರಾಯರ್ ಕೀಲಿ ನಿಮ್ಮ ಜೇಬಲ್ಲಿ. ನೀವಲ್ಲದೆ ನಮ್ಮಪ್ಪ ಓಡಿಸ್ತಾರಾ? ಹತ್ತು ದಿನದಲ್ಲಿ ಬರವಣಿಗೆಯಲ್ಲಿ ಸಮಜಾಯಿಷಿ ಕೊಡಿ. ಇಲ್ಲಾಂದ್ರೆ ಕಾಯಂ ಅನ್ನೋದನ್ನ ಮರೆತುಬಿಡಿ."

ನಾಲಿಗೆಯ ತುದಿಗೆ ಬಂದಿತ್ತು: ಸಾರ್, ನನಗೆ ಓಡಿಸೋಕೇ ಬರಲ್ಲ. ಅದಕ್ಕಿಂತ ಗಟ್ಟಿಯಾದ ಪುರಾವೆ ಬೇರೊಂದಿಲ್ಲ. ಆದರೆ ಅದನ್ನು ಹೇಳಿದ ಕ್ಷಣವೇ ಕೆಲಸ ಹೋಗುತ್ತಿತ್ತು. ಹೇಳದಿದ್ದರೆ ಹತ್ತು ದಿನ ಬಿಟ್ಟು ಹೋಗುತ್ತಿತ್ತು. ಅವನು ಹತ್ತು ದಿನವನ್ನು ಆರಿಸಿಕೊಂಡು ಬಾಯಿ ಮುಚ್ಚಿದ.

ಲೆಕ್ಕ ಹಾಕಿದ. ಅವನು ಸೇರಿದಂದಿನಿಂದ ಕೆಲಸದ ದಿನಗಳು ನೂರ ಅರವತ್ತು. ಭಾಗಿಸಿದರೆ ದಿನಕ್ಕೆ ಹದಿನಾಲ್ಕು. ಒಂದಿಷ್ಟು ಹೆಚ್ಚಿಲ್ಲ, ಒಂದಿಷ್ಟು ಕಡಿಮೆಯಿಲ್ಲ. ಕದ್ದು ಓಡಿಸುವವನು ಇಷ್ಟು ಶಿಸ್ತಿನಿಂದ ಓಡಿಸುತ್ತಾನೆಯೇ?

ಆಗ ಮೊಟ್ಟಮೊದಲ ಸಲ ಲಾಗ್‌ಬುಕ್ಕಿನ ಪುಟ ಹಿಂದಕ್ಕೆ ತಿರುಗಿಸಿದ. ಸದರಿ, ಸದರಿ, ಸದರಿ. ಪುಟದ ಮೇಲೆ ಪುಟ, ಅವನದೇ ಸೋಮಾರಿ ಅಕ್ಷರ. ಕೊನೆಗೆ ಸಿಕ್ಕಿತು: ಹಿಂದಿನ ಗುಮಾಸ್ತರ ದುಂಡು ಅಕ್ಷರದಲ್ಲಿ ಒಬ್ಬ ಚಾಲಕರ ಹೆಸರು. ಆ ಹೆಸರಿನ ಮುಂದೆ ಪ್ರತಿದಿನವೂ ಒಂದು ಸಣ್ಣ ನಮೂದು, 'ಆ.ಪ್ರ. 14'.

"ಇವರು ಯಾರು ಸಾರ್?"

ಹೆಡ್ ಕ್ಲರ್ಕ್ ಬಗ್ಗಿ ನೋಡಿದರು. "ಅಯ್ಯೋ, ಗೇರಣ್ಣ! ಒಳ್ಳೇ ಮನುಷ್ಯ ಕಣ್ರೀ. ಹಿಡಿಯಷ್ಟಿದ್ದ, ಸ್ಟೇರಿಂಗಿನ ಹಿಂದೆ ಟೋಪಿ ಮಾತ್ರ ಕಾಣೋದು. ನೀವು ಬರೋ ಹತ್ತು ದಿನ ಮುಂಚೆ ಹೋಗಿಬಿಟ್ಟ. ಇಲ್ಲೇ, ಶೆಡ್ಡಲ್ಲೇ, ಸೀಟಲ್ಲಿ ಕೂತ ಹಾಗೇ. ಇನ್ನೊಂದು ಕೀಲಿ ಅವನ ಮನೇಲೇ ಇರಬೇಕು, ಹೋಗಿ ನೋಡಿ." ಲಾಗ್‌ಬುಕ್ಕು ಮುಚ್ಚುತ್ತಾ, "ಪಾಪ, ಒಪ್ಪಿಸದೇನೇ ಹೋದ," ಎಂದರು.

ಎಂಟು ತಿಂಗಳಿಂದ ಈ ಗಾಡಿ ಸತ್ತವನ ಸುಪರ್ದಿಯಲ್ಲಿದೆ ಎಂದು ದಿನವೂ ಹತ್ತು ಗಂಟೆಗೆ ತಾನೇ ನೀಲಿ ಶಾಯಿಯಲ್ಲಿ ಬರೆಯುತ್ತಾ ಬಂದಿದ್ದೇನೆ ಎಂಬುದು ಗುಮಾಸ್ತನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಮಾರನೇ ದಿನ ಗಾಡಿ ಎಲ್ಲಿಗೂ ಹೋಗುವುದಿರಲಿಲ್ಲ. ಬೆಳಿಗ್ಗೆ ಹೋಗಿ ಮೀಟರ್ ಬರೆದುಕೊಂಡ: 61318. ಮುಂದಕ್ಕೆ ಎಳೆದಿದ್ದ ಸೀಟನ್ನು ಹಿಂದಕ್ಕೆ ತಳ್ಳಿದ. ಕೆಳಗೆ ಬಗ್ಗಿದ್ದ ಕನ್ನಡಿಯನ್ನು ಎತ್ತಿ ತನ್ನ ಮುಖಕ್ಕೆ ಹೊಂದಿಸಿದ. ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿ, ಶೆಡ್ಡು ಕಾಣುವ ಹಾಗೆ ಕುರ್ಚಿ ತಿರುಗಿಸಿಕೊಂಡು ಕೂತ. ಊಟದ ಹೊತ್ತಿಗೆ ಎಲ್ಲರೂ ಹಿಂದಿನ ಕೋಣೆಗೆ ಹೋದರೂ ಇವನು ಅಲುಗಲಿಲ್ಲ. ಗಾಡಿಯೂ ಅಲುಗಲಿಲ್ಲ. ಬಾನೆಟ್ಟಿನ ಮೇಲೆ ಒಂದು ಬೆಕ್ಕು ಒಂದು ಗಂಟೆ ಕಾಲ ಮಲಗಿತ್ತು. ಎರಡು ಗಂಟೆಗೆ ಹೋಗಿ ಬಾಗಿಲು ತೆಗೆದ.

61332. ಸೀಟು ಮುಂದಕ್ಕೆ ಬಂದಿತ್ತು. ಕನ್ನಡಿ ಬಗ್ಗಿತ್ತು. ಬೆಕ್ಕು ಇನ್ನೂ ಮಲಗಿಯೇ ಇತ್ತು. ಅದರ ಹೊಟ್ಟೆಯ ಕೆಳಗೆ ಬಾನೆಟ್ಟು ಬೆಚ್ಚಗಿತ್ತು.

ಧೈರ್ಯವಂತನಾಗಿದ್ದರೆ ಅವನು ಅಂದೇ ರಾಜೀನಾಮೆ ಕೊಡುತ್ತಿದ್ದ. ಪುಕ್ಕಲನಾದ್ದರಿಂದ ಮರುದಿನ ಊಟದ ಡಬ್ಬಿ ಹಿಡಿದು ಗಾಡಿಯೊಳಗೇ ಹೋಗಿ ಕೂತ. ದೆವ್ವಕ್ಕಿಂತ ಹೆಡ್ ಕ್ಲರ್ಕ್ ಭಯ ಹೆಚ್ಚಿತ್ತು, ಅಷ್ಟೇ.

ಸರಿಯಾಗಿ ಒಂದು ಗಂಟೆಗೆ ನೋವಿನ ಮುಲಾಮಿನ ವಾಸನೆ ಬಂತು. ಯಾರೋ ವಯಸ್ಸಾದವರು ಮಂಡಿಗೆ ಹಚ್ಚಿಕೊಂಡು ಪಕ್ಕದಲ್ಲಿ ಬಂದು ಕೂತ ಹಾಗೆ. ಸೀಟು ಅವನನ್ನು ಕೂರಿಸಿಕೊಂಡೇ ಮೆಲ್ಲಗೆ ಮುಂದಕ್ಕೆ ಜರುಗಿತು. ಮೊಣಕಾಲು ಡ್ಯಾಶ್‌ಬೋರ್ಡಿಗೆ ಒತ್ತಿತು. ಇಂಜಿನ್ನು ಸುಮ್ಮನಿತ್ತು. ಮುಂದಿನ ಗಾಜಿನಾಚೆ ಶೆಡ್ಡಿನ ಗೋಡೆ, ಗೋಡೆಯ ಮೇಲೆ ಸುಣ್ಣ ಉದುರಿದ ಗುರುತು, ಎಲ್ಲವೂ ಇದ್ದಲ್ಲಿಯೇ ಇದ್ದವು. ಮೀಟರಿನ ಕೊನೆಯ ಅಂಕಿ ಮಾತ್ರ, ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ, ಉರುಳಿತು.

ಅವನು ಕನ್ನಡಿಯತ್ತ ನೋಡಿದ. ನೋಡಬಾರದಿತ್ತು.

ಕನ್ನಡಿಯಲ್ಲಿ ಶೆಡ್ಡಿನ ಬಾಗಿಲು ಇರಲಿಲ್ಲ. ಕೆಮ್ಮಣ್ಣಿನ ರಸ್ತೆಯೊಂದು ಹಿಂದಕ್ಕೆ ಹಿಂದಕ್ಕೆ ಓಡುತ್ತಿತ್ತು. ಒಂದು ಮೋರಿ ಹೋಯಿತು, ಮುಚ್ಚಿದ ಗಿರಣಿಯೊಂದು ಹೋಯಿತು, ಬಸ್ಸಿಗೆ ಕಾಯುತ್ತಿದ್ದ ಮೂವರು ಹೋದರು. ಅವರಲ್ಲೊಬ್ಬ ಕೈ ಬೀಸಿದ. ಹಿಂದೆ ಧೂಳು ಏಳುತ್ತಿತ್ತು. ಮುಂದೆ ಗೋಡೆ, ಹಿಂದೆ ದಾರಿ. ಏಳು ಅಂಕಿ ಉರುಳಿದ ಮೇಲೆ ಕನ್ನಡಿಯೊಳಗಿನ ದಾರಿ ನಿಂತಿತು. ಹಸಿರು ಗೇಟೊಂದರ ಅಂಚು ಮೂಲೆಯಲ್ಲಿ ಕಂಡಿತು. ಅರ್ಧ ಗಂಟೆ ಏನೂ ಆಗಲಿಲ್ಲ. ಆಮೇಲೆ ಅದೇ ದಾರಿ, ಅದೇ ಗಿರಣಿ, ಅದೇ ಮೋರಿ.

ಇಳಿದಾಗ ಡಬ್ಬಿ ತೊಡೆಯ ಮೇಲೆ ಹಾಗೆಯೇ ಇತ್ತು. ಸಂಜೆ ಅಕ್ಕ ಮುಚ್ಚಳ ತೆಗೆದು ನೋಡಿ, "ಯಾಕೋ, ನನ್ನ ಬೆಂಡೆಕಾಯಿ ಏನು ಪಾಪ ಮಾಡಿತ್ತೋ?" ಎಂದಳು.

ಇನ್ನೊಂದು ಕೀಲಿ ತರಲೇಬೇಕಿತ್ತು. ಕಚೇರಿಯ ಹಳೇ ಕಡತದಿಂದ ವಿಳಾಸ ಹುಡುಕಿ, ಮಧ್ಯಾಹ್ನ ಬಸ್ಸು ಹತ್ತಿದ. ಮೋರಿ ಬಂತು. ಮುಚ್ಚಿದ ಗಿರಣಿ ಬಂತು. ಹಸಿರು ಗೇಟಿನ ಮುಂದೆ ಇಳಿದ.

ಗೇರಣ್ಣನ ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು, ದುಡಿದದ್ದೆಲ್ಲ ಕಿವಿಯಿಂದ. ಕಣ್ಣು ಎಂದೋ ಕೈಕೊಟ್ಟಿತ್ತು. ಬಾಗಿಲ ಬಳಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದವರು ಇವನ ಹೆಜ್ಜೆ ಕೇಳಿದ್ದೇ ಮುಖವೆತ್ತಿದರು.

"ಯಾರಪ್ಪಾ?"

"ಆಫೀಸಿಂದಮ್ಮಾ. ಗಾಡಿ ಗುಮಾಸ್ತ."

"ಓ, ನೀನೇನಾ, ಗಾಡಿ ಬರದವನು? ಬಾ, ಒಳಗೆ ಬಾ."

ಅವನು ಹೊಸ್ತಿಲ ಮೇಲೇ ನಿಂತ. "ಯಾರಮ್ಮಾ ಹೇಳಿದ್ದು?"

"ಇನ್ಯಾರು ಹೇಳ್ತಾರೆ, ಅವರೇ. ಹುಡುಗ ಒಳ್ಳೆಯವನು, ಬರೀ ಸೋಮಾರಿ, ಗಾಡಿ ಕಂಡ್ರೆ ಹೆದರ್ತಾನೆ ಅಂದ್ರು." ಆಕೆ ನಕ್ಕರು. "ಬೆಪ್ಪಾಗಬೇಡ. ಅವರು ಸತ್ತಿದ್ದು ನನಗೆ ಗೊತ್ತಿಲ್ವಾ? ನಿಮ್ಮ ಆಫೀಸಿಂದ ಫೋನ್ ಬಂದಾಗ ಎತ್ತಿದ್ದು ನಾನೇ. ಸತ್ತರೂ ಊಟದ ಹೊತ್ತಿಗೆ ಬರ್ತಾರೆ. ಉಣ್ಣಲ್ಲ. ಸುಮ್ಮನೆ ಎದುರಿಗೆ ಕೂತಿರ್ತಾರೆ. ನನಗೆ ಒಬ್ಬಳೇ ಕೂತು ಉಂಡ್ರೆ ಗಂಟಲಲ್ಲಿ ಇಳಿಯಲ್ಲ, ಮೊದಲಿಂದಲೂ ಅಷ್ಟೇ."

ಮೇಜಿನ ಮೇಲೆ ಎರಡು ತಟ್ಟೆ ಇಟ್ಟಿತ್ತು.

"ಬಂತು ನೋಡು," ಎಂದು ಆಕೆ ಕಿವಿ ಓರೆ ಮಾಡಿದರು. ಅವನಿಗೇನೂ ಕೇಳಿಸಲಿಲ್ಲ. ಆದರೆ ಗೇಟಿನಾಚೆ, ಯಾರೂ ಇಲ್ಲದ ಜಲ್ಲಿಯ ಮೇಲೆ, ಅಗಲವಾದ ಎರಡು ಸಾಲು ಮೆಲ್ಲಗೆ ಒತ್ತಿಕೊಳ್ಳುತ್ತಾ ಬಂದು ನಿಂತವು. ಮುಲಾಮಿನ ವಾಸನೆ ಅವನ ಭುಜ ಸವರಿಕೊಂಡು ಒಳಗೆ ಹೋಯಿತು. ಒಂದು ಕುರ್ಚಿ ಕಿರುಗುಟ್ಟಿತು.

ಆ ಅರ್ಧ ಗಂಟೆ ಅವನು ಗೋಡೆಗೆ ಬೆನ್ನು ಹಚ್ಚಿ ನಿಂತೇ ಕಳೆದ. ಆಕೆ ಉಂಡರು; ನಡುನಡುವೆ ಮಾತಾಡಿದರು: ನಲ್ಲಿ ಸೋರುವುದು, ಪಕ್ಕದ ಮನೆಯ ನಾಯಿ. ಉತ್ತರಕ್ಕೆ ಕಾಯುವಷ್ಟು ಹೊತ್ತು ಕಾದು, ತಲೆಯಾಡಿಸಿ, ಮುಂದಿನ ಮಾತಿಗೆ ಹೋಗುತ್ತಿದ್ದರು. ಜಲ್ಲಿಯ ಸಾಲು ಹಿಂದಿರುಗಿದ ಮೇಲೆ ಇವನು ಬಂದ ಕೆಲಸ ಹೇಳಿದ. ಲೀಸು, ಕೀಲಿ, ಹೆಡ್ ಕ್ಲರ್ಕ್, ಕಾಯಂ. ಕೊನೆಯ ಮಾತು ಬರುವ ಹೊತ್ತಿಗೆ ಅಳುವೇ ಬಂದಿತ್ತು.

ಆಕೆ ಗೋಡೆ ತಡಕಿಕೊಂಡು ಹೋಗಿ ಒಂದು ತಗಡಿನ ಡಬ್ಬಿ ತಂದರು. ಅದರಲ್ಲಿ ಕೀಲಿ ಇತ್ತು. ನಾಲ್ಕು ಮಡಿಕೆಯ ಒಂದು ಕಾಗದವೂ ಇತ್ತು.

"ಇದನ್ನೂ ತಗೊಂಡು ಹೋಗು. ನಿನಗೆ ಉಪಯೋಗಕ್ಕೆ ಬರುತ್ತೆ ಅಂತ ಅವರೇ ಹೇಳಿದ್ದು." ಡಬ್ಬಿಯ ಮುಚ್ಚಳ ಹಾಕುತ್ತಾ, ಮೆಲ್ಲಗೆ ಕೇಳಿದರು: "ಗಾಡಿ ವಾಪಸ್ ಹೋದ ಮೇಲೆ ಬರೋದು ನಿಲ್ಲುತ್ತೇನೋ, ಅಲ್ವಾ?"

ಅವನು ಕೀಲಿಯನ್ನೂ ಕಾಗದವನ್ನೂ ಜೇಬಿಗಿಳಿಸಿಕೊಂಡು ಹೊರಟ.

ಬಸ್ಸಿನಲ್ಲಿ ಬಿಡಿಸಿ ನೋಡಿದ. ಕಚೇರಿಯದೇ ಆದೇಶ, ಮೊಹರು, ಸಹಿ, ಎಲ್ಲ ಇದ್ದದ್ದೇ. 'ಕಚೇರಿಯ ಸದರಿ ವಾಹನವು ಯಾರ ಸುಪರ್ದಿಯಲ್ಲಿದೆಯೋ ಅವರು, ಕುಟುಂಬದ ಸದಸ್ಯರ ದೃಷ್ಟಿದೋಷದ ಕಾರಣ, ಪ್ರತಿ ಕೆಲಸದ ದಿನ ಮಧ್ಯಾಹ್ನ ಈ ಮೇಲಿನ ವಿಳಾಸಕ್ಕೆ ತೆರಳಿ ಊಟ ಮಾಡಿಕೊಂಡು ಹಿಂದಿರುಗತಕ್ಕದ್ದು. ಹೋಗಿ ಬರುವ ದೂರ ಹದಿನಾಲ್ಕು ಕಿಲೋಮೀಟರ್. ಮುಂದಿನ ಆದೇಶದವರೆಗೆ.' ಆ.ಪ್ರ. ಎಂದರೆ ಆದೇಶದ ಪ್ರಕಾರ.

ಹೆಡ್ ಕ್ಲರ್ಕ್ ಅದನ್ನು ಮೂರು ಸಲ ಓದಿದರು. ಅವರ ಮುಖ ಅರಳಿತು. ಲೋಕದಲ್ಲಿ ಏನೇ ವಿಚಿತ್ರ ನಡೆಯಲಿ, ಅದಕ್ಕೊಂದು ಆದೇಶ ಇದ್ದರೆ ಅವರಿಗೆ ನೆಮ್ಮದಿ.

"ನನಗಿಂತ ಮುಂಚಿನ ಆದೇಶ. ರದ್ದಾಗಿಲ್ಲ. ಅಂದ್ಮೇಲೆ ಓಡಿದ ಕಿಲೋಮೀಟರೆಲ್ಲ ಕ್ರಮಬದ್ಧ! ಯಾರು ಓಡಿಸಿದ್ರು ಅಂತ ನಾನೇನು ಕೇಳಲ್ಲ, ನೀವೇನು ಹೇಳಬೇಡಿ. ಒಳ್ಳೇ ಕೆಲಸ ಮಾಡಿದ್ರಿ."

ಲೀಸು ಮುಗಿಯುವ ದಿನ ಕಂಪನಿಯಾಕೆ ಮತ್ತೆ ಟಾರ್ಚು ಹಿಡಿದು ಬಂದಳು. ಕೀಲಿ ಎರಡನ್ನೂ ಎಣಿಸಿ, ಲಾಗ್‌ಬುಕ್ಕು ತೆರೆದು, ಹುಬ್ಬು ಗಂಟಿಕ್ಕಿದಳು.

"ಸುಪರ್ದಿ ಇನ್ನೂ ತೀರಿಕೊಂಡವರ ಹೆಸರಲ್ಲೇ ಇದೆಯಲ್ರೀ. ಅವರು ಬಂದು ನನಗೆ ಒಪ್ಪಿಸ್ತಾರಾ? ಮೊದಲು ಅವರಿಂದ ನೀವು ಒಪ್ಪಿಕೊಂಡೆ ಅಂತ ಒಂದು ಸಾಲು ಬರೀರಿ. ಆಮೇಲೆ ನನಗೆ ಒಪ್ಪಿಸಿದೆ ಅಂತ ಇನ್ನೊಂದು. ಬೇಗ."

ಅವಸರದಲ್ಲಿ, ಎಂಟು ತಿಂಗಳ ಚಾಳಿಯಲ್ಲಿ, ಅವನು ಮೊದಲ ಸಾಲು ಬರೆದ: 'ಸದರಿಯವರಿಂದ ಸದರಿಯನ್ನು ಒಪ್ಪಿಕೊಂಡೆ.' ಸಹಿ ಹಾಕಿದ. ಎರಡನೆಯ ಸಾಲನ್ನು ಆಕೆಯೇ ಬಾಯಲ್ಲಿ ಹೇಳಿ ಬರೆಸಿದಳು: 'ಗಾಡಿ ಒಂದು, ಕೀಲಿ ಎರಡು, ಒಪ್ಪಿಸಿದೆ.'

"ಸರಿ, ಗಾಡಿ ಗೇಟಿನ ಆಚೆ ತಂದು ನಿಲ್ಲಿಸಿ."

ಹೆಡ್ ಕ್ಲರ್ಕ್ ನೋಡುತ್ತಿದ್ದರು. ಕಚೇರಿಗೆ ಕಚೇರಿಯೇ ಕಿಟಕಿಯಲ್ಲಿ ನಿಂತಿತ್ತು. ಆದೇಶ ಉಳಿಸಿದ ಕೆಲಸವನ್ನು ಕ್ಲಚ್ಚು ಕಳೆಯುತ್ತದೆ ಎಂದುಕೊಂಡು ಅವನು ಸೀಟು ಹತ್ತಿದ. ಮುಲಾಮಿನ ವಾಸನೆ ಬಂತು. ಈ ಸಲ ಪಕ್ಕದಿಂದಲ್ಲ, ತನ್ನದೇ ಅಂಗೈಯಿಂದ.

ಎಡಗಾಲು ತಾನಾಗಿ ಒತ್ತಿತು. ಕೈ ಗೇರ್ ಕಡ್ಡಿಯನ್ನು ಹಳೇ ಗೆಳೆಯನ ಭುಜ ಹಿಡಿದಂತೆ ಹಿಡಿಯಿತು. ಗಾಡಿ ಒಂದು ಜರ್ಕಿಲ್ಲದೆ ಶೆಡ್ಡಿನಿಂದ ಹಿಂದಕ್ಕೆ ಬಂದು, ಕಂಬಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ತಿರುಗಿ, ಗೇಟು ದಾಟಿ ನಿಂತಿತು. "ಭಲೇ, ಥೇಟ್ ಗೇರಣ್ಣನ ಕೈ!" ಎಂದರು ಹೆಡ್ ಕ್ಲರ್ಕ್. ಗುಮಾಸ್ತ ಇಳಿದ. ಗಾಡಿ ಲೀಸಿನವರ ಹಿಂದೆ ಹೊರಟುಹೋಯಿತು. ಎಲ್ಲ ಮುಗಿಯಿತೆಂದು ಅವನು ನಿಟ್ಟುಸಿರು ಬಿಟ್ಟ.

ಸದರಿಯನ್ನು ಒಪ್ಪಿಕೊಂಡೆ ಎಂದರೆ ಮೇಲೆ ಹೇಳಿದ್ದೆಲ್ಲವನ್ನೂ ಒಪ್ಪಿಕೊಂಡ ಹಾಗೆ. ಅದರಲ್ಲಿ ವಾಪಸ್ ಕೊಟ್ಟದ್ದು ಗಾಡಿ ಒಂದು, ಕೀಲಿ ಎರಡು. ಉಳಿದದ್ದರ ಮಾತನ್ನು ಯಾರೂ ಎತ್ತಲಿಲ್ಲ.

ನಾಲ್ಕು ತಿಂಗಳಿಗೆ ಕೆಲಸ ಕಾಯಂ ಆಯಿತು. ಕ್ವಾರ್ಟರ್ಸಿನ ಕೀಲಿ ಇನ್ನೊಂದು ವಾರಕ್ಕೆ ಬರುವುದಿತ್ತು. ಅವನೀಗ ಮೇಜಿಗೆ ತಲೆಯಾನಿಸಿ ಮಧ್ಯಾಹ್ನ ಒಂದಿಷ್ಟು ಹೊತ್ತು ಕಣ್ಣು ಮುಚ್ಚುತ್ತಾನೆಂದು ಕಚೇರಿಯವರು ಹೇಳುತ್ತಿದ್ದರು. ಕಾಯಂ ಆದವರೆಲ್ಲ ಹಾಗೆಯೇ ಎಂದು ನಗುತ್ತಿದ್ದರು. ಚಪ್ಪಲಿಗೆ ಕೆಮ್ಮಣ್ಣು ಎಲ್ಲಿಂದ ಬರುತ್ತದೆ ಎಂದು ಅವನೂ ಯೋಚಿಸಿದ್ದುಂಟು. ಒಂದು ಸಂಜೆ ಅಕ್ಕ ತುಂಬಿದ ಡಬ್ಬಿಯನ್ನು ಅವನ ಮುಂದೆ ಕುಕ್ಕಿದಳು.

"ಮತ್ತೆ ಹಾಗೇ ತಂದಿದ್ದೀಯಲ್ಲೋ! ಹೊಟ್ಟೆ ನೋಡಿದ್ರೆ ದಿನೇ ದಿನೇ ದುಂಡಗಾಗ್ತಿದೆ. ನಿಜ ಹೇಳು, ಯಾರ ಮನೇಲಿ ಉಣ್ತಿದ್ದೀಯ?"

"ಯಾರ ಮನೇನೂ ಇಲ್ಲಕ್ಕಾ. ಆಫೀಸಲ್ಲೇ."

"ಹೌದಾ? ಇವತ್ತು ಏನು ಉಂಡೆ ಹಾಗಾದ್ರೆ?"

"ಬದನೆಕಾಯಿ," ಎಂದ ಅವನು, ಒಂದು ಕ್ಷಣವೂ ತಡೆಯದೆ. "ಉಪ್ಪು ಸ್ವಲ್ಪ ಜಾಸ್ತಿ ಆಗಿತ್ತು. ಪಾಪ, ಅವರಿಗೆ ಕಣ್ಣು ಕಾಣಲ್ವಲ್ಲ."

ಅಕ್ಕ ಸೌಟು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ಅವನ ಮುಖ ನೋಡಿದಳು. ಅವನೂ ಅವಳ ಮುಖ ನೋಡಿದ. ಮೇಜಿನ ಕೆಳಗೆ ಅವನ ಎಡಗಾಲು ನೆಲವನ್ನು ಮೆಲ್ಲಗೆ ಒತ್ತಿ, ಮೆಲ್ಲಗೆ ಬಿಟ್ಟಿತು.